ಜೇಷ್ಠಮಧು ಕಷಾಯ: ಸಿಹಿ ಎಲ್ಲಿಂದ, ಎಷ್ಟು ಸಾಕು?

ಗ್ರಂಧಿಗೆ ಅಂಗಡಿಯಲ್ಲಿ ಜೇಷ್ಠಮಧು ಕೇಳಿದರೆ ನಾಲ್ಕು ಕಡ್ಡಿ ಕಾಗದದಲ್ಲಿ ಕಟ್ಟಿ ಕೊಡುತ್ತಾರೆ. ಅದು ಒಂದು ಗಿಡದ ಬೇರು, ನೋಡಲು ಒಣ ಸೌದೆ ಚೂರಿನ ಹಾಗೇ. ಮೇಲೆ ಕಂದು ಸಿಪ್ಪೆ, ಮುರಿದರೆ ಒಳಗೆ ಹಳದಿ ನಾರು. ಒಂದು ಚೂರು ಕಚ್ಚಿ ನೋಡಿ. ಮೊದಲು ಬರೀ ಕಟ್ಟಿಗೆ ರುಚಿ. ಆಮೇಲೆ ಮೆಲ್ಲಗೆ ಸಿಹಿ ಏಳುತ್ತದೆ. ಎದ್ದ ಸಿಹಿ ಬೇಗ ಇಳಿಯುವುದೂ ಇಲ್ಲ, ನೀರು ಕುಡಿದರೂ ಗಂಟಲಲ್ಲಿ ಉಳಿದಿರುತ್ತದೆ. ಸಕ್ಕರೆ ಹೀಗಲ್ಲ, ಅಲ್ವಾ? ನಾಲಿಗೆಗೆ ತಾಗಿದ ಕೂಡಲೇ ಸಿಹಿ, ನುಂಗಿದರೆ ಮುಗಿಯಿತು.

ಈ ಸಿಹಿಯನ್ನು ಕೊಡುವುದು ಗ್ಲಿಸಿರೈಜಿನ್ ಎಂಬ ವಸ್ತು. ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ಹೆಸರು ಗ್ರೀಕ್ ಭಾಷೆಯದು, ಅರ್ಥ 'ಸಿಹಿ ಬೇರು'. ಸಂಸ್ಕೃತದ ಯಷ್ಟಿಮಧು ಎಂದರೆ 'ಜೇನಿನಂಥ ಕೋಲು'. ಗಿಡ ನಮ್ಮ ಅವರೆ, ಕಡಲೆಯ ಬಳಗದ್ದೇ. ಆದರೆ ಅದರ ತವರು ಮೆಡಿಟರೇನಿಯನ್ ತೀರದಿಂದ ಮಧ್ಯ ಏಷ್ಯಾದವರೆಗಿನ ಒಣ ನೆಲ. ನಮ್ಮ ಅಂಗಡಿಗಳಿಗೆ ಬಹುಪಾಲು ಬರುವುದು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ.

ಕಷಾಯ ಮಾಡುವುದು ಸುಲಭ. ಕಿರುಬೆರಳಿನ ಒಂದು ಗೆಣ್ಣಿನಷ್ಟು ಕಡ್ಡಿ ಸಾಕು. ಕುಟ್ಟಾಣಿಯಲ್ಲಿ ಹಾಕಿ ಜಜ್ಜಿ. ಅದು ಪುಡಿಯಾಗುವುದಿಲ್ಲ, ಹಳೇ ಹಗ್ಗದಂತೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಹಾಗಾದರೇ ಒಳಗಿನ ಸತ್ವ ನೀರಿಗೆ ಇಳಿಯುವುದು. ಎರಡು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ. ಕೆಮ್ಮಿದ್ದರೆ ಒಂದು ಚೂರು ಒಣಶುಂಠಿ, ನಾಲ್ಕು ಕಾಳುಮೆಣಸು ಜೊತೆಗಿರಲಿ. ಬೆಲ್ಲ ಬೇಡವೇ ಬೇಡ. ಸೋಸಿದ ನೀರನ್ನು ಬಾಟಲಿಗೆ ಹಾಕಿ ಅಲ್ಲಾಡಿಸಿ ನೋಡಿ, ನೊರೆ ಏಳುತ್ತದೆ. ಅಂಟುವಾಳ ಕಾಯಿ ನೊರೆ ಕೊಡುವುದೂ ಇದೇ ಕಾರಣಕ್ಕೆ. ಎರಡರಲ್ಲೂ ಇರುವುದು ಸಪೋನಿನ್ ಜಾತಿಯ ವಸ್ತು. ಜೇಷ್ಠಮಧುವಿನಲ್ಲಿ ಸಿಹಿ ಕೊಡುವ ಗ್ಲಿಸಿರೈಜಿನ್ನೇ ನೊರೆಯನ್ನೂ ಕೊಡುತ್ತದೆ.

ಈ ನೊರೆಯ ಗಮ್ಮತ್ತು ಗೊತ್ತಿರುವವರು ಈಜಿಪ್ಟಿನವರು. ಅಲ್ಲಿ ಇದರ ಪಾನಕಕ್ಕೆ ಎರ್ಕ್ ಸೂಸ್ ಎಂದು ಹೆಸರು. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಇದು ಬೇಕು. ಮಾರುವವನು ದೊಡ್ಡ ಹೂಜಿಯನ್ನು ಹೊಟ್ಟೆಯ ಮುಂದೆ ಕಟ್ಟಿಕೊಂಡು, ಕೈಯಲ್ಲಿ ಹಿತ್ತಾಳೆಯ ತಾಳ ಬಾರಿಸುತ್ತಾ ಬೀದಿಯಲ್ಲಿ ನಡೆಯುತ್ತಾನೆ. ಎತ್ತರದಿಂದ ಲೋಟಕ್ಕೆ ಹೊಯ್ದರೆ ಮೇಲೆ ಬುರುಗು ನಿಲ್ಲುತ್ತದೆ. ಅವರು ಕುದಿಸುವುದಿಲ್ಲ. ಬೇರಿನ ಪುಡಿಗೆ ಚಿಟಿಕೆ ಅಡುಗೆ ಸೋಡಾ ಸೇರಿಸಿ, ನೀರು ಚಿಮುಕಿಸಿ ಕಲಸಿಡುತ್ತಾರೆ. ಬಣ್ಣ ಗಾಢವಾದ ಮೇಲೆ ಬಟ್ಟೆಯಲ್ಲಿ ಕಟ್ಟಿ ತಣ್ಣೀರು ಇಳಿಸುತ್ತಾರೆ. ಸೋಡಾ ಯಾಕೆ? ಗ್ಲಿಸಿರೈಜಿನ್ ಒಂದು ಆಮ್ಲ. ಆಮ್ಲವಾಗಿದ್ದರೆ ತಣ್ಣೀರಿನಲ್ಲಿ ಸರಿಯಾಗಿ ಕರಗದು, ಕ್ಷಾರ ಸೇರಿ ಲವಣವಾದರೆ ಸಲೀಸಾಗಿ ಕರಗುತ್ತದೆ. ನಾವು ಬೆಂಕಿಯಿಂದ ಮಾಡುವ ಕೆಲಸವನ್ನು ಅವರು ಸೋಡಾದಿಂದ ಮಾಡುತ್ತಾರೆ. ಯಾವ ಪ್ರಯೋಗಶಾಲೆಯ ಸಹಾಯವೂ ಇಲ್ಲದೆ ಕೈ ಕಂಡುಕೊಂಡ ಈ ಉಪಾಯ ನನಗೆ ತುಂಬಾ ಇಷ್ಟ.

ಬಾಯಾರಿಕೆಗೂ ಈ ಬೇರಿಗೂ ಹಳೇ ನಂಟು. ಸುಮಾರು 2300 ವರ್ಷಗಳ ಹಿಂದೆ ಗ್ರೀಕ್ ಪಂಡಿತ ಥಿಯೋಫ್ರಾಸ್ಟಸ್ ಇದನ್ನು ಸಿಥಿಯನ್ನರ ಬೇರು ಎಂದು ಕರೆದ. ಸಿಥಿಯನ್ನರು ಎಂದರೆ ಕುದುರೆ ಮೇಲೆ ಅಲೆಯುತ್ತಿದ್ದ ಹುಲ್ಲುಗಾವಲಿನ ಜನ. ಒಣಕೆಮ್ಮಿಗೆ, ಉಬ್ಬಸಕ್ಕೆ ಒಳ್ಳೆಯದು ಎಂದ. ಬಾಯಲ್ಲಿಟ್ಟುಕೊಂಡರೆ ದಾಹ ತಣಿಯುತ್ತದೆ, ಕುದುರೆ ಹಾಲಿನ ಗಿಣ್ಣು ಮತ್ತು ಈ ಬೇರಿನ ಮೇಲೆ ಸಿಥಿಯನ್ನರು ನೀರು ಕುಡಿಯದೆ ಹನ್ನೊಂದು ಹನ್ನೆರಡು ದಿನ ತಳ್ಳುತ್ತಾರಂತೆ ಎಂದೂ ಬರೆದ. ಆ ಮಾತು ಎಷ್ಟು ಉತ್ಪ್ರೇಕ್ಷೆಯೋ ಇರಲಿ, ಈ ಬೇರಿಗೆ ಮೈಯಲ್ಲಿ ನೀರು ಹಿಡಿದಿಡುವ ಗುಣ ನಿಜಕ್ಕೂ ಇದೆ.

ಅದು ಬೆಳಕಿಗೆ ಬಂದದ್ದು 1940ರ ದಶಕದಲ್ಲಿ, ನೆದರ್ಲೆಂಡ್ಸ್‌ನಲ್ಲಿ. ರೆವರ್ಸ್ ಎಂಬ ವೈದ್ಯರು ಹೊಟ್ಟೆ ಹುಣ್ಣಿಗೆ ಜೇಷ್ಠಮಧು ಸಾರ ಕೊಟ್ಟು ನೋಡಿದರು. ಹುಣ್ಣಿನ ನೋವು ತಗ್ಗಿತು. ಆದರೆ ಕೆಲವರಿಗೆ ಮುಖ, ಕಾಲು ಊದಿಕೊಂಡವು. ಕಾರಣ ಇರುವುದು ಮೂತ್ರಪಿಂಡದಲ್ಲಿ. 'ಉಪ್ಪು ಹೊರಗೆ ಬಿಡಬೇಡ' ಎಂದು ಅದಕ್ಕೆ ಹೇಳುವುದು ಆಲ್ಡೊಸ್ಟೆರೋನ್ ಎಂಬ ಹಾರ್ಮೋನು, ಬೀಗಕ್ಕೆ ಬೀಗದಕೈ ಇದ್ದ ಹಾಗೆ. ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನಿಗೂ ಅದೇ ಬೀಗ ತೆಗೆಯಲು ಬರುತ್ತದೆ, ರಕ್ತದಲ್ಲಿ ಅದರ ಪ್ರಮಾಣವೂ ಬಹಳ ಜಾಸ್ತಿ. ಹಾಗಾಗಿ ಬಾಗಿಲಲ್ಲಿ ಒಂದು ಕಿಣ್ವ ಕಾವಲು ಕೂತು ಕಾರ್ಟಿಸಾಲನ್ನು ನಿಷ್ಕ್ರಿಯ ಮಾಡುತ್ತಿರುತ್ತದೆ. ಜೇಷ್ಠಮಧು ಆ ಕಾವಲುಗಾರನ ಕೈ ಕಟ್ಟುತ್ತದೆ. ಆಗ ಮೈಯಲ್ಲಿ ಉಪ್ಪು ನಿಲ್ಲುತ್ತದೆ, ಉಪ್ಪಿನ ಹಿಂದೆ ನೀರು. ಬಿಪಿ ಏರುತ್ತದೆ, ಪೊಟ್ಯಾಸಿಯಂ ಸೋರಿಹೋಗುತ್ತದೆ. ತೀರಾ ಇಳಿದರೆ ಹೃದಯದ ಬಡಿತವೇ ತಪ್ಪಬಹುದು.

ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬಾರದು ಎಂಬುದು ಯುರೋಪಿನ ತಜ್ಞರು ಹಾಕಿರುವ ಗೆರೆ. ಆದರೆ 2024ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಅಷ್ಟನ್ನೇ ಎರಡು ವಾರ ತೆಗೆದುಕೊಂಡ ಆರೋಗ್ಯವಂತ ಯುವಜನರ ಬಿಪಿಯೂ ಸ್ವಲ್ಪ ಏರಿತ್ತು. ಮನೆ ಲೆಕ್ಕ ನೋಡೋಣ. ಬೇರಿನಲ್ಲಿ ನೂರಕ್ಕೆ 5 ಪಾಲು ಗ್ಲಿಸಿರೈಜಿನ್ ಇದೆ ಎಂದುಕೊಂಡರೆ 2 ಗ್ರಾಂ ಚೂರಿನಲ್ಲೇ 100 ಮಿಲಿಗ್ರಾಂ ಆಯಿತು. ಎಲ್ಲವೂ ನೀರಿಗೆ ಇಳಿಯದಿದ್ದರೂ ಗೆರೆ ದೂರವಿಲ್ಲ. ಹಾಗಾಗಿ ಗಂಟಲು ಕೆಟ್ಟಾಗ ಎರಡು ಮೂರು ದಿನ ಒಂದೊಂದು ಲೋಟ ಕುಡಿಯಿರಿ, ಸಾಕು. ಸಕ್ಕರೆ ಇಲ್ಲವಲ್ಲ ಅಂತ ಸುಮ್ನೆ ದಿನಾ ಟೀಗೆ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಬಸುರಿಯರು ಕುಡಿಯದಿರುವುದೇ ಒಳ್ಳೆಯದು.

ಗಂಟಲಿಗಾಗಿ ಇದನ್ನು ನುಂಗಲೇಬೇಕೆಂದೂ ಇಲ್ಲ. ಅರಿವಳಿಕೆ ಕೊಡುವಾಗ ಗಂಟಲಿಗೆ ಕೊಳವೆ ಇಳಿಸುತ್ತಾರೆ, ಎಚ್ಚರವಾದ ಮೇಲೆ ಗಂಟಲು ಉರಿಯುತ್ತದೆ. 2009ರಲ್ಲಿ ಪ್ರಕಟವಾದ ಲಖನೌದ ಒಂದು ಅಧ್ಯಯನದಲ್ಲಿ, ಅರಿವಳಿಕೆ ಕೊಡುವ ಐದು ನಿಮಿಷ ಮುಂಚೆ ಅರ್ಧ ಗ್ರಾಂ ಜೇಷ್ಠಮಧು ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿದವರಿಗೆ ಆ ಉರಿ ಕಡಿಮೆ ಇತ್ತು. ಮನೆಯಲ್ಲೂ ಹಾಗೇ ಮಾಡಬಹುದು. ಸೋಸಿದ ಕಷಾಯ ಉಗುರುಬೆಚ್ಚಗಾಗಲಿ. ಒಂದು ಗುಟುಕು ತೆಗೆದುಕೊಂಡು, ತಲೆ ಹಿಂದಕ್ಕೆ ಚಾಚಿ, ಗಂಟಲಲ್ಲಿ ಅರ್ಧ ನಿಮಿಷ ಗಳಗಳ ಆಡಿಸಿ ಉಗಿದುಬಿಡಿ. ಸಿಹಿ ಆಮೇಲೂ ಸುಮಾರು ಹೊತ್ತು ಗಂಟಲಲ್ಲೇ ಇರುತ್ತದೆ.