ಒಳಗಿಡುವ ಆಂಟೆನಾ ತಂದೆ, ಒಂದು ಚಾನೆಲ್ಲೂ ಬರುತ್ತಿಲ್ಲ. ಯಾಕೆ?

ಪ್ರಶ್ನೆ: ‘ತಿಂಗಳ ಬಾಡಿಗೆಯಿಲ್ಲದೆ ನೂರಾರು ಚಾನೆಲ್’ ಎಂಬ ಜಾಹೀರಾತು ನೋಡಿ ಮನೆಯೊಳಗೆ ಇಡುವ ಚಪ್ಪಟೆ ಆಂಟೆನಾ ತರಿಸಿದೆ. ಕಿಟಕಿ, ಬೀರು, ಶೋಕೇಸ್ ಎಲ್ಲ ಕಡೆ ಇಟ್ಟು ಸ್ಕ್ಯಾನ್ ಮಾಡಿದ್ದಾಯಿತು. ಟಿವಿ ಸೊನ್ನೆ ಅನ್ನುತ್ತಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೇವೆ. ಉಚಿತವಾಗಿ ಟಿವಿ ನೋಡಲು ಬೇರೆ ದಾರಿ ಇದೆಯೇ?

ಉತ್ತರ: ಆಂಟೆನಾ ಕೆಟ್ಟಿರಲಿಕ್ಕಿಲ್ಲ. ಅದು ಹಿಡಿಯಬೇಕಾದ ಸಿಗ್ನಲ್ಲೇ ನಮ್ಮಲ್ಲಿ ಇಲ್ಲದಂತಾಗಿದೆ. ಭಾರತದಲ್ಲಿ ನೆಲದ ಗೋಪುರದಿಂದ ಟಿವಿ ಪ್ರಸಾರ ಮಾಡುತ್ತಾ ಬಂದಿರುವುದು ದೂರದರ್ಶನ ಮಾತ್ರ. ಖಾಸಗಿ ಚಾನೆಲ್‌ಗಳಿಗೆ ಆ ಅವಕಾಶ ಸಿಗಲೇ ಇಲ್ಲ. ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳೂ 2022ರ ಹೊತ್ತಿಗೆ ಬಹುಪಾಲು ಮುಚ್ಚಿದವು. 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿಜಿಟಲ್ ಗೋಪುರ ಪ್ರಸಾರ ಶುರುವಾಗಿತ್ತು, ಆದರೆ ಅದರಲ್ಲಿದ್ದದ್ದೂ ದೂರದರ್ಶನದ ಬೆರಳೆಣಿಕೆಯ ಚಾನೆಲ್‌ಗಳೇ. ಹಿಡಿಯಲು ಟಿವಿಯಲ್ಲಿ ಆ ಡಿಜಿಟಲ್ ಸಿಗ್ನಲ್ ಓದುವ ಡಿವಿಬಿ-ಟಿ2 ಟ್ಯೂನರ್ ಬೇರೆ ಬೇಕು. ಜಾಹೀರಾತಿನ ನೂರಾರು ಚಾನೆಲ್ ಅಮೆರಿಕದಂಥ ಕಡೆಯ ಲೆಕ್ಕ. ಅಲ್ಲಿರುವ ನಿಮ್ಮ ನೆಂಟರು ಇದೇ ಆಂಟೆನಾವನ್ನು ಗೋಡೆಗೆ ಅಂಟಿಸಿ ಎಬಿಸಿ, ಎನ್‌ಬಿಸಿ ನೋಡಬಹುದು. ‘ಬೂಸ್ಟರ್’ ಕೊಳ್ಳಲು ಹೋಗಬೇಡಿ. ಇಲ್ಲದ ಸಿಗ್ನಲನ್ನು ಅದು ಹುಟ್ಟಿಸುವುದಿಲ್ಲ, ಗದ್ದಲವನ್ನಷ್ಟೇ ದೊಡ್ಡದು ಮಾಡುತ್ತದೆ.

ನಮ್ಮಲ್ಲಿ ಉಚಿತ ಟಿವಿ ಬರುವುದು ಆಕಾಶದಿಂದ, ಅಂದರೆ ಉಪಗ್ರಹದಿಂದ, ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಮೂಲಕ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರುವಾದದ್ದು ಇದೇ. ಬೇಕಾಗುವುದು 60 ಸೆಂ.ಮೀ. ಪ್ಲೇಟು, ಯೂನಿವರ್ಸಲ್ ಎಲ್‌ಎನ್‌ಬಿ (ಪ್ಲೇಟಿನ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ), ಆರ್‌ಜಿ-6 ಕೇಬಲ್, ಅದರ ಎರಡೂ ತುದಿಗೆ ಎರಡು ಎಫ್ ಕನೆಕ್ಟರ್, ಒಂದು ಎಂಪೆಗ್-4 ಬಾಕ್ಸ್. ಎಂಪೆಗ್-2ರ ಹಳೇ ಬಾಕ್ಸ್ ಅಗ್ಗಕ್ಕೆ ಸಿಕ್ಕರೂ ಬೇಡ, ಅದರಲ್ಲಿ ಹಲವು ಚಾನೆಲ್ ಕಾಣುವುದೇ ಇಲ್ಲ. ಒಟ್ಟು ಖರ್ಚು 2,000 ರೂಪಾಯಿಯ ಆಸುಪಾಸು, ರೀಚಾರ್ಜ್ ಇಲ್ಲ. ಚಂದನ ಸಿಗುತ್ತದೆ, ಆಕಾಶವಾಣಿಯೂ ಸಿಗುತ್ತದೆ. ಉಳಿದಂತೆ ಹಿಂದಿಯದ್ದೇ ಮೇಲುಗೈ. ಖಾಸಗಿ ಚಾನೆಲ್‌ಗಳ ಜಾಗಗಳು ಹರಾಜಿನಲ್ಲಿ ಕೈ ಬದಲಾಗುವುದರಿಂದ ಒಂದು ಕನ್ನಡ ಧಾರಾವಾಹಿಯನ್ನೇ ನಂಬಿಕೊಂಡು ಪ್ಲೇಟು ಹಾಕಿಸಬೇಡಿ.

ಪ್ಲೇಟನ್ನು ಮನೆಯೊಳಗೆ ಇಡಲಾಗದು, ಸ್ಲ್ಯಾಬ್ ಈ ಅಲೆಗಳನ್ನು ತಡೆದುಬಿಡುತ್ತದೆ. ಆದರೆ ಬಾಲ್ಕನಿ ಸಾಕಾಗಬಹುದು. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಬೆಂಗಳೂರಿನಿಂದ ನೋಡಿದರೆ ದಿಕ್ಸೂಚಿಯ 128ನೇ ಡಿಗ್ರಿ, ಬಾನಲ್ಲಿ 66 ಡಿಗ್ರಿ ಎತ್ತರ. ಕಲಬುರಗಿಗೆ ಇದು 135 ಮತ್ತು 62, ಮಂಗಳೂರಿಗೆ 123 ಮತ್ತು 64. ಅಂದರೆ ಹೆಚ್ಚುಕಮ್ಮಿ ಆಗ್ನೇಯ, ವಾಸ್ತು ನೋಡುವವರು ಅಡುಗೆಮನೆಗೆ ತೋರಿಸುವ ಮೂಲೆ. ಹಾಗಾಗಿ ಎಷ್ಟೋ ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುವ ಯುಟಿಲಿಟಿಯೇ ಸರಿಯಾದ ಜಾಗ.

ಎದುರಿನ ಕಟ್ಟಡಕ್ಕೆ ಹೆದರಬೇಕಿಲ್ಲ. ಅದು 20 ಮೀಟರ್ ದೂರದಲ್ಲಿದ್ದರೆ, ನಿಮ್ಮ ಪ್ಲೇಟಿಗಿಂತ 45 ಮೀಟರ್ ಮೇಲೆದ್ದರೆ ಮಾತ್ರ ಅಡ್ಡ ಬಂದೀತು. ಶತ್ರು ಇರುವುದು ತಲೆಯ ಮೇಲೆ: ಮೇಲಿನ ಮನೆಯ ಬಾಲ್ಕನಿ. ಅದರ ಸ್ಲ್ಯಾಬು ಪ್ಲೇಟಿಗಿಂತ 2 ಮೀಟರ್ ಎತ್ತರದಲ್ಲಿದ್ದರೆ, ಪ್ಲೇಟು ಸ್ಲ್ಯಾಬಿನ ಅಂಚಿನಿಂದ ಮೂರಡಿಗಿಂತ ಒಳಗೆ ಸರಿಯಕೂಡದು. ಪ್ಲೇಟಿನ ಅಗಲವನ್ನೂ ಲೆಕ್ಕಕ್ಕೆ ಹಿಡಿದರೆ ಕಂಬಿಗೆ ಆತುಕೊಂಡಂತೆ, ಸಾಧ್ಯವಾದರೆ ಕಂಬಿಯ ಆಚೆಗೇ ಕಟ್ಟುವುದು ಕ್ಷೇಮ. ಪ್ಲೇಟು ನಿಜಕ್ಕಿಂತ ತಗ್ಗಿಗೆ ನೋಡುತ್ತಿರುವಂತೆ ಕಾಣುತ್ತದೆ. ಅದು ಎಲ್‌ಎನ್‌ಬಿ ನಡುವಿನಿಂದ ಕೆಳಗಿರುವ ಆಫ್‌ಸೆಟ್ ಮಾದರಿಯ ಗುಣ, ಗಾಬರಿಪಟ್ಟು ಮಲಗಿಸಬೇಡಿ. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಪಕ್ಕ ಸುಳ್ಳು ಹೇಳುತ್ತದೆ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ.

ಪ್ಲೇಟಿನ ಕಂಬ ನೆಟ್ಟಗಿದೆಯೇ ಎಂದು ಮೊದಲು ತೂಗುಗುಂಡು ಬಿಟ್ಟು ನೋಡಿ. ಅದು ವಾಲಿದ್ದರೆ ಮುಂದಿನ ಅಳತೆಯೆಲ್ಲ ವಾಲುತ್ತದೆ. ಕನೆಕ್ಟರ್ ಹಾಕುವಾಗ ಬಾಕ್ಸ್ ಆರಿಸಿ. ಕೇಬಲಿನಲ್ಲಿ 13 ಇಲ್ಲವೇ 18 ವೋಲ್ಟ್ ಹರಿಯುತ್ತದೆ, ನಡುವಿನ ತಂತಿಗೆ ಜಾಲರಿಯ ಒಂದು ಎಳೆ ತಾಗಿದರೂ ಶಾರ್ಟ್. ಬಾಕ್ಸಿನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವಿ, ಸಿಂಬಲ್ ರೇಟ್ 29500 ಕೊಟ್ಟು ಸಿಗ್ನಲ್ ಪುಟ ತೆರೆಯಿರಿ. ‘ಸ್ಟ್ರೆಂಗ್ತ್’ ಪಟ್ಟಿ ಏರಿದ್ದಕ್ಕೆ ಹಿಗ್ಗಬೇಡಿ, ಎಲ್‌ಎನ್‌ಬಿಗೆ ಕರೆಂಟು ಸಿಕ್ಕಿದೆ ಎನ್ನುವುದನ್ನಷ್ಟೇ ಅದು ಹೇಳುತ್ತಿರಬಹುದು. ನೋಡಬೇಕಾದದ್ದು ‘ಕ್ವಾಲಿಟಿ’. ಒಂದೊಂದೇ ಡಿಗ್ರಿ ತಿರುಗಿಸಿ, ಮೂರು ಸೆಕೆಂಡ್ ಕಾಯಿರಿ. ಅವಸರದವರು ಸಿಗ್ನಲನ್ನು ದಾಟಿಯೇ ಹೋಗುತ್ತಾರೆ. ಕ್ವಾಲಿಟಿ ಕಂಡ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯೊಳಗೇ ನಿಧಾನವಾಗಿ ತಿರುವಿ. ದಕ್ಷಿಣದ ನಮ್ಮ ಊರುಗಳಲ್ಲಿ ಈ ಓರೆ 45 ಡಿಗ್ರಿಯನ್ನೂ ಮೀರಬಹುದು, ನೆಟ್ಟಗೆ ಬಿಟ್ಟವರಿಗೆ ಚಾನೆಲ್‌ಗಳು ಸರಿಯಾಗಿ ಸಿಗುವುದಿಲ್ಲ.

ಸ್ಕ್ಯಾನ್ ಮುಗಿದಾಗ ಬಂದದ್ದೆಲ್ಲ ಬೀಗ ಹಾಕಿದ ಚಾನೆಲ್ಲೇ? ಹಾಗಾದರೆ ನೀವು ಹಿಡಿದದ್ದು ಪಕ್ಕದ, ಡಿಶ್ ಟಿವಿ ಬಳಸುವ 95 ಡಿಗ್ರಿಯ ಉಪಗ್ರಹ ಇರಬಹುದು. ಪ್ಲೇಟನ್ನು ಎರಡೂವರೆ ಡಿಗ್ರಿಯಷ್ಟು ದಕ್ಷಿಣಕ್ಕೆ ತಿರುಗಿಸಿ, ಒಂದಿಷ್ಟು ಎತ್ತಿ, ಮತ್ತೆ ಸ್ಕ್ಯಾನ್ ಮಾಡಿ. ಜೋರು ಮಳೆಯಲ್ಲಿ ಚಿತ್ರ ಹೋಗಿ ಮಳೆ ನಿಂತೊಡನೆ ಬಂದರೆ ಅದು ದೋಷವಲ್ಲ. ಮಳೆ ನಿಂತ ಮರುದಿನವೂ ಬರದಿದ್ದರೆ ಎಲ್‌ಎನ್‌ಬಿಯ ಕನೆಕ್ಟರ್ ಬಿಚ್ಚಿ ನೋಡಿ: ತಾಮ್ರ ಹಸಿರುಗಟ್ಟಿದ್ದರೆ ನೀರು ಇಳಿದಿದೆ ಎಂದರ್ಥ. ಅರ್ಧ ಅಡಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಟೇಪು ಸುತ್ತಿ, ನೀರು ಹೊರಗೇ ತೊಟ್ಟಿಕ್ಕುವಂತೆ ಕೇಬಲನ್ನು ಒಮ್ಮೆ ಕೆಳಕ್ಕೆ ಜೋತುಬಿಟ್ಟು ಮನೆಯೊಳಕ್ಕೆ ತನ್ನಿ.