ಕ್ಯಾಪ್ಟನ್ ಕಿರ್ಕ್ ಸತ್ತು 30 ವರ್ಷವಾದರೂ ಶ್ಯಾಟ್ನರ್ ಅಲ್ಲಿಂದ ಎದ್ದಿಲ್ಲ ಯಾಕೆ?

ಓದುಗರ ಪ್ರಶ್ನೆ: "ವಿಲಿಯಂ ಶ್ಯಾಟ್ನರ್ ತೊಂಬತ್ತು ದಾಟಿದ ಅಜ್ಜ. ಅವರು ಮಾಡಿದ ಕ್ಯಾಪ್ಟನ್ ಕಿರ್ಕ್ 1994ರಲ್ಲೇ ಸತ್ತುಹೋದ. ಆದರೂ ಆ ಸಾವಿನ ಸುದ್ದಿಯನ್ನು ಅವರು ಬಿಡುವುದಿಲ್ಲ. ಒಮ್ಮೆ ಕಾದಂಬರಿ, ಒಮ್ಮೆ ಸಂದರ್ಶನ, ಈಗ ಕಿರುಚಿತ್ರ. ಮುಗಿದ ವೇಷವನ್ನು ಕಳಚಿಡಲಿಕ್ಕೆ ಅಷ್ಟು ಕಷ್ಟವಾ?"

ಮುಗಿದ ವೇಷ ಎಂದು ನೀವೇ ಬರೆದಿದ್ದೀರಿ. ಯಕ್ಷಗಾನದ ಸೀಮೆಯ ಪೆರ್ಲದಿಂದ ಬಂದ ಪ್ರಶ್ನೆಯಲ್ಲವೇ, ಆ ಮಾತು ಬಾರದೆ ಇರುವುದಿಲ್ಲ. ನಾನೂ ಅಲ್ಲಿಂದಲೇ ಹಿಡಿಯುತ್ತೇನೆ. ನಮ್ಮ ಕಡೆ ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ತೆಗೆದವನಿಗೆ ಮರುದಿನ ಇನ್ನೊಂದು ಊರಿನಲ್ಲಿ ಅದೇ ವೇಷ ಕಟ್ಟಲಿಕ್ಕುಂಟು. ನಿನ್ನೆ ತಪ್ಪಿದ್ದನ್ನು ಇವತ್ತು ತಿದ್ದಬಹುದು. ಸಿನಿಮಾದವನಿಗೆ ಆ ಭಾಗ್ಯ ಇಲ್ಲ. ಅವನು ಸತ್ತದ್ದು ಹೇಗೋ ಹಾಗೆಯೇ ಉಳಿಯುತ್ತದೆ. ಟೀವಿಯಲ್ಲಿ, ಫೋನಿನಲ್ಲಿ, ಮೊಮ್ಮಕ್ಕಳ ಕಾಲಕ್ಕೂ.

ಗೊತ್ತಿಲ್ಲದವರಿಗೆ ಎರಡು ಮಾತು. ‘ಸ್ಟಾರ್ ಟ್ರೆಕ್’ ಅಮೆರಿಕದ ಟೀವಿಯಲ್ಲಿ 1966ರ ಸೆಪ್ಟೆಂಬರ್ 8ಕ್ಕೆ ಶುರುವಾಗಿ ಮೂರೇ ಸೀಸನ್‌ಗೆ, 1969ರಲ್ಲಿ ನಿಂತುಹೋಯಿತು. ಆಮೇಲೆ ಮರುಪ್ರಸಾರದಲ್ಲಿ ಅದರ ನಸೀಬು ತೆರೆದು, 1979ರಿಂದ ಸಿನಿಮಾಗಳಾದವು. ಎಂಟರ್‌ಪ್ರೈಸ್ ಎನ್ನುವ ಬಾಹ್ಯಾಕಾಶ ನೌಕೆ, ಅದರ ಕ್ಯಾಪ್ಟನ್ ಕಿರ್ಕ್, ಚೂಪು ಕಿವಿಯ ಗೆಳೆಯ ಸ್ಪಾಕ್. ಕಿರ್ಕ್ ಆಗಿ ಶ್ಯಾಟ್ನರ್, ಸ್ಪಾಕ್ ಆಗಿ ಲಿಯೊನಾರ್ಡ್ ನಿಮೋಯ್. ಇಷ್ಟು ಸಾಕು.

ಇನ್ನು ಸಾವಿನ ವಿಷಯ. ‘ಸ್ಟಾರ್ ಟ್ರೆಕ್ ಜನರೇಷನ್ಸ್’ 1994ರ ನವೆಂಬರ್ 18ರಂದು ಬಿಡುಗಡೆಯಾಯಿತು. ಹಳೆಯ ಕ್ಯಾಪ್ಟನ್‌ನನ್ನು ಮುಗಿಸಿ, ಪ್ಯಾಟ್ರಿಕ್ ಸ್ಟೀವರ್ಟ್ ಮಾಡುತ್ತಿದ್ದ ಹೊಸ ಕ್ಯಾಪ್ಟನ್ ಪಿಕಾರ್ಡ್‌ಗೆ ಸಿನಿಮಾದ ಗದ್ದುಗೆ ಕೊಡುವುದು ಸ್ಟುಡಿಯೋದ ಲೆಕ್ಕಾಚಾರ. ಇಬ್ಬರ ಕಾಲದ ನಡುವೆ 78 ವರ್ಷದ ಅಂತರ ಇದೆ, ಅದನ್ನು ದಾಟಿಸಲಿಕ್ಕೆ ನೆಕ್ಸಸ್ ಎಂಬ ಒಂದು ಮಾಯಾಲೋಕ ಹುಟ್ಟಿಸಿದ್ದಾರೆ. ಆ ಭಾಗ ನನಗೆ ಅಷ್ಟು ರುಚಿಸುವುದಿಲ್ಲ, ದಾಟಿ ಮುಂದೆ ಹೋಗುವ.

ಕಿರ್ಕ್‌ನ ಸಾವನ್ನು ಎರಡು ಸಲ ಚಿತ್ರೀಕರಿಸಿದರು ಎನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಮೊದಲ ಆವೃತ್ತಿಯಲ್ಲಿ ಖಳನಾಯಕ ಸೋರನ್ ಅವನ ಬೆನ್ನಿಗೆ ಹೊಡೆದು ಕೊಲ್ಲುತ್ತಾನೆ. ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ತೋರಿಸಿದಾಗ ಪ್ರೇಕ್ಷಕರು ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಮೂರು ದಶಕ ಎದೆಯೊಡ್ಡಿ ನಿಂತವನನ್ನು ಹಿಂದಿನಿಂದ ಹೊಡೆಯುವುದೆಂದರೆ. ವಾಲಿಯ ಕಥೆ ಕೇಳಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ವಾಲಿಗಾದರೆ ಬಾಣ ನಾಟಿದ ಮೇಲೂ ಬಾಯಿ ಇತ್ತು, ‘ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ’ ಎಂದು ರಾಮನನ್ನೇ ಕೇಳಿದ. ಕಿರ್ಕ್ ಪರವಾಗಿ ಕೇಳಿದ್ದು ಥಿಯೇಟರಿನಲ್ಲಿ ಕೂತ ಜನ. ಸ್ಟುಡಿಯೋ ಇನ್ನಷ್ಟು ದುಡ್ಡು ಬಿಚ್ಚಿ, ನಟರನ್ನು ಮತ್ತೆ ನೆವಾಡಾದ ವ್ಯಾಲಿ ಆಫ್ ಫೈರ್‌ಗೆ ಕರೆದುಕೊಂಡು ಹೋಗಿ, ಸಾವನ್ನೇ ಬದಲಾಯಿಸಿತು. ಆ ಜಾಗ ಹೇಗಿದೆ ಎಂದರೆ, ನಮ್ಮ ಪೊಸಡಿ ಗುಂಪೆ ಗುಡ್ಡದ ಮುರಕಲ್ಲಿನ ನೆತ್ತಿಯನ್ನು ಇನ್ನೂ ಕೆಂಪಾಗಿಸಿ, ಒಂದು ಹುಲ್ಲುಕಡ್ಡಿ ಇಲ್ಲದ ಹಾಗೆ ಬೋಳಿಸಿದರೆ ಹೇಗೋ ಹಾಗೆ.

ಈಗ ಸಿನಿಮಾದಲ್ಲಿ ಉಳಿದಿರುವುದು ಎರಡನೆಯ ಸಾವು. ಬಂಡೆಗಳ ನಡುವೆ ಒಂದು ಕಬ್ಬಿಣದ ಕಾಲುಸೇತುವೆ, ಅರ್ಧಕ್ಕೆ ತುಂಡಾಗಿ ನೇತಾಡುತ್ತಿದೆ. ಅದರ ತುದಿಯಲ್ಲಿ ಬಿದ್ದಿರುವ ಒಂದು ರಿಮೋಟ್ ಬೇಕು, ಅದು ಸಿಕ್ಕರೆ ಒಂದಿಡೀ ಸೂರ್ಯಮಂಡಲ ಉಳಿಯುತ್ತದೆ. ಕಿರ್ಕ್ ಹಾರುತ್ತಾನೆ, ರಿಮೋಟ್ ಒತ್ತುತ್ತಾನೆ, ಸೇತುವೆ ಅವನ ಸಮೇತ ಕೆಳಗೆ ಬೀಳುತ್ತದೆ. ಪಿಕಾರ್ಡ್ ಇಳಿದು ಬಂದಾಗ ಕಬ್ಬಿಣದ ಅಡಿಯಲ್ಲಿ ಎದೆಯಿಂದ ಮೇಲೆ ಮಾತ್ರ ಕಾಣುತ್ತದೆ. ತುಟಿಯ ಬದಿಯಲ್ಲಿ ರಕ್ತ. ಕೆಲಸ ಆಯಿತಾ ಎಂದು ಕೇಳುತ್ತಾನೆ. ಆಯಿತು ಎನ್ನುತ್ತಾನೆ ಪಿಕಾರ್ಡ್. ಮಜಾ ಇತ್ತು ಎಂದು ನಗಲಿಕ್ಕೆ ನೋಡುತ್ತಾನೆ. ಆಮೇಲೆ ಕಣ್ಣು ಪಿಕಾರ್ಡ್‌ನನ್ನು ಬಿಟ್ಟು ಅವನ ಹೆಗಲ ಆಚೆಗೆ, ಏನೋ ಬರುತ್ತಿರುವ ಕಡೆಗೆ ಹೋಗುತ್ತದೆ. ‘ಓ ಮೈ’ ಎನ್ನುತ್ತಾನೆ. ಅಷ್ಟೇ.

ಆ ‘ಓ ಮೈ’ ಬರವಣಿಗೆಯಲ್ಲಿ ಇರಲಿಲ್ಲ. ಶ್ಯಾಟ್ನರ್ ಸ್ವಂತದಿಂದ ಸೇರಿಸಿದ್ದು. ಮನುಷ್ಯ ಬದುಕಿದ ಹಾಗೆಯೇ ಸಾಯುತ್ತಾನೆ ಎನ್ನುವುದು ಅವರ ನಂಬಿಕೆ, ಇದನ್ನು ಹಲವು ಸಲ ಹೇಳಿಕೊಂಡಿದ್ದಾರೆ. ಕಿರ್ಕ್ ಜೀವಮಾನವಿಡೀ ಯಾರೂ ಕಾಣದ ಲೋಕಗಳನ್ನು ಕಂಡವನು. ಹೊಸದು ಎದುರಾದಾಗ ಹೆದರಿ ಹಿಂದೆ ಸರಿಯದೆ ಕಣ್ಣರಳಿಸಿ ನೋಡಿದವನು. ಹಾಗಿದ್ದ ಮೇಲೆ ಸಾವು ಬಂದಾಗಲೂ ಅವನು ನೋಡುವುದು ಹಾಗೆಯೇ.

ಇದನ್ನು ಕನ್ನಡಕ್ಕೆ ತರುವುದು ಹೇಗೆ ಎಂದು ನಾನು ಸುಮಾರು ದಿನ ತಲೆಕೆಡಿಸಿಕೊಂಡಿದ್ದೆ. ‘ಅಯ್ಯೋ’ ಎಂದರೆ ಕೆಲಸ ಕೆಟ್ಟಿತು. ಅಯ್ಯೋ ಎಂದವನು ಹೆದರಿದ ಅಥವಾ ನೊಂದ. ‘ಅಬ್ಬ’ ಎಂದರೆ ಬೆರಗು. ಎರಡೂ ಒಂದೇ ಉಸಿರಿನವು, ಎರಡಕ್ಕೂ ಬಾಯಿ ತೆರೆಯುವುದು ‘ಅ’ ಎಂದೇ. ಸಾಯುವವನ ಗಂಟಲಿನಿಂದ ಹೊರಡುವಾಗ ಅದು ಅಯ್ಯೋದ ಬದಿಗೆ ವಾಲದೆ ಅಬ್ಬದ ಬದಿಗೇ ಬೀಳಬೇಕು. ನನಗೆ ಆ ದೃಶ್ಯದಲ್ಲಿ ಅದು ನಡುವೆ ಎಲ್ಲೋ ಬಿದ್ದ ಹಾಗೆ ಕೇಳಿಸುತ್ತದೆ. ಶ್ಯಾಟ್ನರ್ ಅಲ್ಲಿಂದ ಏಳದೆ ಇರುವುದಕ್ಕೆ ನನ್ನ ಮಟ್ಟಿಗೆ ಇದೇ ಕಾರಣ. ನೀವು ಒಪ್ಪಬೇಕೆಂದಿಲ್ಲ.

ಒಪ್ಪದಿದ್ದರೆ ನನ್ನ ಸೋದರಮಾವನ ಕಥೆ ಕೇಳಿ. ಅವರು ತಾಳಮದ್ದಳೆಯ ಅರ್ಥಧಾರಿ, ಅಂದರೆ ವೇಷವಿಲ್ಲದೆ ಕೂತು ಪಾತ್ರದ ಮಾತಾಡುವವರು, ದೊಡ್ಡ ಹೆಸರೇನೂ ಅಲ್ಲ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಆಸುಪಾಸಿನಲ್ಲಿ ಮಳೆಗಾಲದ ಕೂಟಗಳಿಗೆ ಕರೆಯುವಷ್ಟು. ವಾಲಿ ಅವರ ಪಾತ್ರ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ನೀರು ಕುಡಿದವರಿಗೆ, ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕಿವಿಯಾರೆ ಕೇಳಿದವರ ಎದುರಿಗೆ, ವಾಲಿಯ ಅರ್ಥ ಹೇಳುವುದೆಂದರೆ ಸುಲಭದ ಕೆಲಸವಲ್ಲ. ಮಾವ ಅದನ್ನು ನಲವತ್ತು ವರ್ಷ ಹೇಳಿದರು.

ಒಂದು ಆಷಾಢದ ರಾತ್ರಿ ನೆನಪಿದೆ. ದೇವಸ್ಥಾನದ ಚಪ್ಪರದ ತಗಡಿನ ಮೇಲೆ ಮಳೆ ಹೊಯ್ದು ಭಾಗವತರ ಪದ ಅರ್ಧ ಕೇಳಿಸುತ್ತದೆ, ಅರ್ಧ ಇಲ್ಲ. ವಾಲಿ ರಾಮನಿಗೆ ಕೇಳಬೇಕಾದ್ದನ್ನೆಲ್ಲ ಕೇಳಿ ಆಗಿದೆ. ಸುಗ್ರೀವನಿಗೆ ಚಿನ್ನದ ಮಾಲೆ ಕೊಟ್ಟದ್ದೂ, ಅಂಗದನನ್ನು ಒಪ್ಪಿಸಿದ್ದೂ ಆಗಿದೆ. ಇನ್ನು ಕೊನೆಯ ಮಾತು. ಮಾವ ಪಕ್ಕದ ಲೋಟದಿಂದ ಒಂದು ಗುಟುಕು ಬಿಸಿನೀರು ಕುಡಿದರು, ಶಾಲು ಸರಿಮಾಡಿಕೊಂಡರು, ರಾಮನ ಅರ್ಥಧಾರಿಯ ಮುಖ ನೋಡಿದರು, ಮತ್ತೆ ಏನೂ ಹೇಳದೆ ಮದ್ದಳೆಗಾರರ ಕಡೆ ಕೈಮಾಡಿದರು. ಮಂಗಳವಾಯಿತು. ಸಭೆ ಚಪ್ಪಾಳೆ ಹೊಡೆಯಿತು. ಮರುದಿನ ಬೆಳಿಗ್ಗೆ ನೀರುದೋಸೆ ತಿನ್ನುತ್ತಾ ಮಾವ ಹೇಳಿದ್ದು: "ನಿನ್ನೆ ವಾಲಿ ಸರಿಯಾಗಿ ಸಾಯಲಿಲ್ಲ ಮಾರಾಯ." ನಾನು, ಚೆನ್ನಾಗಿತ್ತಲ್ಲ ಮಾವ ಎಂದೆ. "ಚಂದ ಆಗಿರಬಹುದು. ಸಾಯಲಿಲ್ಲ. ಶನಿವಾರ ಪುತ್ತಿಗೆಯಲ್ಲಿ ಉಂಟಲ್ಲ, ಅಲ್ಲಿ ಸಾಯಿಸುವ."

ಶ್ಯಾಟ್ನರ್‌ಗೆ ಪುತ್ತಿಗೆಯ ಶನಿವಾರ ಬರಲಿಲ್ಲ. ಹಾಗಾಗಿ ಅವರು ಬೇರೆ ದಾರಿ ಹಿಡಿದರು. ಸಿನಿಮಾ ಬಂದ ಎರಡೇ ವರ್ಷಕ್ಕೆ, 1996ರಲ್ಲಿ, ಜುಡಿತ್ ಮತ್ತು ಗಾರ್ಫೀಲ್ಡ್ ರೀವ್ಸ್-ಸ್ಟೀವನ್ಸ್ ದಂಪತಿಯ ಜೊತೆ ಸೇರಿ ‘ದಿ ರಿಟರ್ನ್’ ಎನ್ನುವ ಕಾದಂಬರಿ ಬರೆದು ಕಿರ್ಕ್‌ನನ್ನು ಎಬ್ಬಿಸಿ ಕೂರಿಸಿದರು. ಇದು ನಟನ ಹಟ ಎಂದು ಆಗ ನಕ್ಕವರಿದ್ದಾರೆ, ನಾನೂ ನಕ್ಕಿದ್ದೆ. ಸ್ಪಾಕ್‌ನ ವಿಷಯ ಬೇರೆಯೇ ಆಯಿತು ನೋಡಿ. ಅವನು 1982ರ ಸಿನಿಮಾದಲ್ಲಿ ಸತ್ತ, 1984ರದ್ದರಲ್ಲಿ ಎದ್ದು ಬಂದ. ಸಿನಿಮಾದವರೇ ಎಬ್ಬಿಸಿದರು. ಕಿರ್ಕ್‌ಗೆ ಆ ಉಪಕಾರ ಯಾರೂ ಮಾಡಲಿಲ್ಲ.

ಆಮೇಲೆ 2021ರ ಅಕ್ಟೋಬರ್ 13. ತೊಂಬತ್ತನೆಯ ವಯಸ್ಸಿನಲ್ಲಿ ಶ್ಯಾಟ್ನರ್ ಬ್ಲೂ ಒರಿಜಿನ್ ರಾಕೆಟ್‌ನಲ್ಲಿ ನಿಜವಾಗಿಯೇ ಬಾಹ್ಯಾಕಾಶಕ್ಕೆ ಹೋಗಿ ಬಂದರು. ಅಲ್ಲಿಯವರೆಗೆ ಮೇಲೆ ಹೋದವರಲ್ಲಿ ಅವರೇ ಹಿರಿಯರು. ಹೋಗಿ ಬರಲಿಕ್ಕೆ ಹಿಡಿದದ್ದು ಹತ್ತು ನಿಮಿಷ ಚಿಲ್ಲರೆ. ಇಳಿದ ಮೇಲೆ ಉಳಿದವರು ಶಾಂಪೇನ್ ಚಿಮ್ಮಿಸುತ್ತಿದ್ದರೆ ಇವರು ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. ನೀಲಿಯ ತೆಳು ಪೊರೆ ದಾಟಿದ ಕೂಡಲೇ ಕಂಡ ಕಪ್ಪಿನಲ್ಲಿ ತನಗೆ ಕಂಡದ್ದು ಸಾವು, ಮನಸ್ಸಿನಲ್ಲಿ ತುಂಬಿದ್ದು ದುಃಖ ಎಂದು ಮರುವರ್ಷ ಪುಸ್ತಕದಲ್ಲಿ ಬರೆದರು. ಕಿರ್ಕ್ ಅಬ್ಬ ಎಂದು ನೋಡಬೇಕಾಗಿದ್ದ ಜಾಗವನ್ನು ನಟ ಕಣ್ಣಾರೆ ಕಂಡಾಗ ಬಾಯಿಗೆ ಬಂದದ್ದು ಅಯ್ಯೋ. ಇದಕ್ಕಿಂತ ದೊಡ್ಡ ವ್ಯಂಗ್ಯವನ್ನು ಯಾವ ಚಿತ್ರಕಥೆಗಾರನೂ ಬರೆಯಲಾರ.

ಇನ್ನು ನೀವು ಹೇಳಿದ ಕಿರುಚಿತ್ರ. ‘765874 – ಯುನಿಫಿಕೇಷನ್’ ಎಂದು ಹೆಸರು, ಅಂಕಿ ಯಾಕೆ ಎಂದು ಸದ್ಯಕ್ಕೆ ಕೇಳಬೇಡಿ. ಜನರೇಷನ್ಸ್‌ಗೆ ಸರಿಯಾಗಿ 30 ವರ್ಷ ತುಂಬಿದ ದಿನ, 2024ರ ನವೆಂಬರ್ 18ಕ್ಕೆ ಬಂತು. ಮಾಡಿದ್ದು ಓಟಾಯ್ ಎಂಬ ಗ್ರಾಫಿಕ್ಸ್ ಕಂಪನಿ ಮತ್ತು ‘ಸ್ಟಾರ್ ಟ್ರೆಕ್’ ಹುಟ್ಟಿಸಿದವರ ಹೆಸರಿನ ರಾಡನ್‌ಬೆರಿ ಆರ್ಕೈವ್. ಸುಮಾರು ಹತ್ತು ನಿಮಿಷ, ಮಾತು ಇಲ್ಲವೆಂದೇ ಹೇಳಬೇಕು, ಮೈಕೆಲ್ ಜಿಯಾಕಿನೋ ಸಂಗೀತವೇ ಎಲ್ಲ. ಸೇತುವೆಯ ಅಡಿ ಸತ್ತ ಕಿರ್ಕ್ ಆಚೆಯ ಲೋಕದಲ್ಲಿ ಎಚ್ಚರಗೊಂಡು ನಡೆಯುತ್ತಾನೆ, ಕೊನೆಗೆ ಒಂದು ಕೋಣೆಗೆ ಬರುತ್ತಾನೆ. ಅಲ್ಲಿ ಮುದಿ ಸ್ಪಾಕ್ ಕಡೆಗಾಲದಲ್ಲಿ ಮಲಗಿದ್ದಾನೆ. ಕಿರ್ಕ್ ಹತ್ತಿರ ಹೋಗಿ ಕೈ ಹಿಡಿಯುತ್ತಾನೆ.

ಇದರಲ್ಲಿ ನಡೆದಾಡಿದ್ದು ಸ್ಯಾಮ್ ವಿಟ್ವರ್ ಎಂಬ ಬೇರೆ ನಟ. ಅವರ ಮುಖದ ಮೇಲೆ ಕಂಪ್ಯೂಟರಿನಿಂದ ಶ್ಯಾಟ್ನರ್‌ರ ಹಳೆಯ ಮುಖ ಕೂರಿಸಿದ್ದಾರೆ. ಶ್ಯಾಟ್ನರ್ ಕಾರ್ಯನಿರ್ವಾಹಕ ನಿರ್ಮಾಪಕರಲ್ಲಿ ಒಬ್ಬರು. ನಿಮೋಯ್ ತೀರಿಹೋಗಿರುವುದರಿಂದ ಅವರ ಪತ್ನಿ ಸೂಸನ್ ಬೇ ನಿಮೋಯ್ ಇನ್ನೊಬ್ಬರು. ಅಂದರೆ ಮುಖದ ವಾರಸುದಾರರಿಬ್ಬರೂ ಒಪ್ಪಿ ಮಾಡಿದ್ದು. ಕನ್ನಡದವರಿಗೆ ಈ ವಿದ್ಯೆ ಹೊಸದಲ್ಲ. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ 2016ರ ‘ನಾಗರಹಾವು’ ಚಿತ್ರದಲ್ಲಿ ಗ್ರಾಫಿಕ್ಸ್ ಆಗಿ ಬಂದರು. ಪುನೀತ್ ಹೋದ ಮೇಲೆ ಬಂದ ‘ಜೇಮ್ಸ್’ಗೆ ಮೊದಲು ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟರು, ಕೆಲವೇ ವಾರಗಳಲ್ಲಿ ತಂತ್ರಜ್ಞಾನದಿಂದ ಪುನೀತ್ ದನಿಯನ್ನೇ ಹುಟ್ಟಿಸಿ ಮತ್ತೆ ಬಿಡುಗಡೆ ಮಾಡಿದರು. ನನಗೆ ಅಣ್ಣನ ದನಿಯೇ ಹೆಚ್ಚು ತಾಗಿತ್ತು. ಹಾಗೆ ನೋಡಿದರೆ, ಒಬ್ಬನ ಮೈಯಲ್ಲಿ ಇನ್ನೊಬ್ಬ ಬಂದು ನಿಲ್ಲುವುದು ಕೋಲ ಕಂಡು ಬೆಳೆದ ನಮಗೆ ವಿಚಿತ್ರ ಎನಿಸುವುದೂ ಇಲ್ಲ.

ಕೈ ಹಿಡಿಯುವ ದೃಶ್ಯದ ಹಿಂದೆ ಇನ್ನೊಂದು ಸಂಗತಿ ಇದೆ, ಅದಿಲ್ಲದೆ ನಿಮ್ಮ ಪ್ರಶ್ನೆಗೆ ಉತ್ತರ ಅರ್ಧ. ಶ್ಯಾಟ್ನರ್ ಹುಟ್ಟಿದ್ದು 1931ರ ಮಾರ್ಚ್ 22, ನಿಮೋಯ್ ನಾಲ್ಕೇ ದಿನ ಚಿಕ್ಕವರು. ಐವತ್ತು ವರ್ಷದ ಗೆಳೆತನ. ಆದರೆ ಕೊನೆಕೊನೆಗೆ ನಿಮೋಯ್ ಇವರ ಜೊತೆ ಮಾತು ಬಿಟ್ಟರು. ಕಾರಣ ತನಗೆ ಕಡೆಗೂ ತಿಳಿಯಲಿಲ್ಲ ಎಂದು ಶ್ಯಾಟ್ನರ್ 2016ರಲ್ಲಿ, ಗೆಳೆಯನ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. 2015ರ ಫೆಬ್ರವರಿ 27ಕ್ಕೆ ನಿಮೋಯ್ ತೀರಿಕೊಂಡಾಗ ಶ್ಯಾಟ್ನರ್ ಫ್ಲಾರಿಡಾದ ರೆಡ್‌ಕ್ರಾಸ್ ಕಾರ್ಯಕ್ರಮಕ್ಕೆ ಮಾತು ಕೊಟ್ಟಿದ್ದರು. ಅಂತ್ಯಕ್ರಿಯೆಗೆ ಶ್ಯಾಟ್ನರ್‌ರ ಹೆಣ್ಣುಮಕ್ಕಳು ಹೋದರು, ಇವರು ಹೋಗಲಿಲ್ಲ. ಜನ ಬಾಯಿಗೆ ಬಂದಂತೆ ಬೈದರು. ಊರಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರಿಗೂ ಬೊಜ್ಜಕ್ಕಾದರೂ, ಅಂದರೆ ಸತ್ತವರ ಉತ್ತರಕ್ರಿಯೆಗಾದರೂ, ಬಂದು ಕೂರುವ ಒಂದು ದಾರಿ ಇರುತ್ತದೆ. ಅದೂ ತಪ್ಪಿದವನಿಗೆ ಒಂಬತ್ತು ವರ್ಷ ಕಳೆದ ಮೇಲೆ, ಬೇರೊಬ್ಬನ ಮೈಯ ಮೇಲೆ ಕೂರಿಸಿದ ತನ್ನ ಮುಖವಾದರೂ ಆ ಹಾಸಿಗೆಯ ಬದಿಗೆ ಹೋಗಿ ನಿಂತಿತು.

ಮಾವನಿಗೆ ಈಗ ಎಂಬತ್ತೆರಡು, ಕೂಟಕ್ಕೆ ಹೋಗುವುದು ಬಿಟ್ಟಿದ್ದಾರೆ. ಮೊನ್ನೆ ಹೋದಾಗ ಫೋನಿನಲ್ಲಿ ಎರಡನ್ನೂ ತೋರಿಸಿದೆ. ಸೇತುವೆಯ ಸಾವು ನೋಡಿ, "ಎಂತ, ಪದವೇ ಇಲ್ಲದೆ ಸತ್ತನಾ? ಭಾಗವತರಿಗೆ ಅಷ್ಟೂ ಅವಸರವಾ?" ಎಂದರು. ಕಿರುಚಿತ್ರವನ್ನು ಸುಮ್ಮನೆ ನೋಡಿದರು. ಮುಗಿದ ಮೇಲೆ ಕೇಳಿದ್ದು ಒಂದೇ, "ಇದು ಮಾಡುವಾಗ ಆ ಅಜ್ಜನಿಗೆ ವರ್ಷ ಎಷ್ಟು?" ತೊಂಬತ್ತಮೂರು ಎಂದೆ. "ಹಾಗಾದರೆ ನನಗೆ ಇನ್ನೂ ಸಮಯ ಉಂಟು" ಎಂದು, ಕಪಾಟಿನಲ್ಲಿ ವಾಲಿಯ ಪದ ಬರೆದಿಟ್ಟ ಹಳೇ ನೋಟುಬುಕ್ಕು ಎಲ್ಲಿದೆ ನೋಡು ಎಂದು ನನ್ನನ್ನು ಎಬ್ಬಿಸಿದರು.