ಹಳೇ ಕಂಪ್ಯೂಟರಿನಲ್ಲಿ ಯಾವುದಕ್ಕೆ ವಯಸ್ಸಾಗುತ್ತದೆ?

ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹಳೇ ಕಂಪ್ಯೂಟರ್ ಸಾಮಾನಿಗೆ ಎರಡು ಥರದ ಬೆಲೆ. ಒಂದು ಬಿಡಿ ಲೆಕ್ಕ, ಇನ್ನೊಂದು ಕೆಜಿ ಲೆಕ್ಕ. ಯಾವುದನ್ನು ಯಾವ ರಾಶಿಗೆ ಹಾಕಬೇಕು ಅನ್ನುವುದರಲ್ಲೇ ವ್ಯಾಪಾರಿಯ ಜಾಣತನವೆಲ್ಲ ಇರುವುದು. ಯಾಕೆಂದರೆ ಕಂಪ್ಯೂಟರಿಗೆ ಒಟ್ಟಿಗೇ ವಯಸ್ಸಾಗುವುದಿಲ್ಲ. ಒಂದೊಂದು ಭಾಗದ ಆಯಸ್ಸು ಒಂದೊಂದು ಥರ.

ಪ್ರೊಸೆಸರ್, ರ‍್ಯಾಮ್ ಗಟ್ಟಿ ಜೀವಗಳು. ತಿರುಗುವ, ಸವೆಯುವ ಭಾಗ ಅವುಗಳಲ್ಲಿ ಇಲ್ಲವೇ ಇಲ್ಲ. ರ‍್ಯಾಮ್ ಕೆಟ್ಟಿದೆ ಅಂತ ಯಾರಾದರೂ ತಂದರೆ ರಿಪೇರಿಯವರು ಮೊದಲು ಅದರ ಅಂಚಿನ ಹಳದಿ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆ ಹಳದಿ ನಿಜವಾದ ಚಿನ್ನವೇ. ತಾಮ್ರದ ಮೇಲೆ ನಿಕ್ಕಲ್, ಅದರ ಮೇಲೆ ಚಿನ್ನ. ಗಾಳಿಗೂ ತೇವಕ್ಕೂ ಚಿನ್ನ ಕಿಲುಬು ಹಿಡಿಯುವುದಿಲ್ಲ. ರಬ್ಬರ್ ತೆಗೆಯುವುದು ಮೇಲೆ ಕೂತ ದೂಳನ್ನು, ಕೈಯ ಜಿಡ್ಡನ್ನು. ಜೋರಾಗಿ ಉಜ್ಜಿದರೆ ಚಿನ್ನವೂ ಹೋದೀತು. ಆ ಪದರದ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲೂ ಇರುವುದಿಲ್ಲ.

ಇಷ್ಟು ಚಿನ್ನಕ್ಕಾಗಿ ಬೋರ್ಡುಗಳನ್ನು ನೈಟ್ರಿಕ್ ಆಸಿಡ್‌ನಲ್ಲಿ ಅದ್ದುವವರೂ ಇದ್ದಾರೆ. ಆಗ ಏಳುವ ಕಂದು ಹೊಗೆ ಶ್ವಾಸಕೋಶವನ್ನೇ ಸುಡುತ್ತದೆ. ಚಾಲ್ತಿಯಲ್ಲಿರುವ ರ‍್ಯಾಮ್ ಆದರೆ ಹಾಗೇ ಮಾರಿದರೆ ಜಾಸ್ತಿ ದುಡ್ಡು, ಅಲ್ವಾ?

ಆದರೂ ಒಳ್ಳೇ ರ‍್ಯಾಮ್ ಎಷ್ಟೋ ಸಲ ಕೆಜಿ ಲೆಕ್ಕದ ರಾಶಿಗೆ ಬೀಳುತ್ತದೆ. ಅದು ಕೆಟ್ಟಿರುವುದಿಲ್ಲ, ಅದನ್ನು ಹಾಕುವ ಮದರ್‌ಬೋರ್ಡು ಮಾಯವಾಗಿರುತ್ತದೆ. ಡಿಡಿಆರ್ ಅನ್ನುವುದು ರ‍್ಯಾಮಿನ ಜಾತಿ, ಮುಂದಿನ ಸಂಖ್ಯೆ ಅದರ ತಲೆಮಾರು. ಡಿಡಿಆರ್2ಗೆ 1.8 ವೋಲ್ಟ್, ಡಿಡಿಆರ್3ಗೆ 1.5, ಡಿಡಿಆರ್4ಗೆ 1.2. ಒಂದರ ಜಾಗಕ್ಕೆ ಇನ್ನೊಂದು ಕೂರದಿರಲಿ ಅಂತಲೇ ಅಂಚಿನ ಕಚ್ಚನ್ನು ಪ್ರತಿ ತಲೆಮಾರಿನಲ್ಲೂ ಬೇರೆ ಕಡೆ ಇಟ್ಟಿದ್ದಾರೆ. 1995ರ ಪೆಂಟಿಯಮ್ ಪ್ರೊ ಅನ್ನುವ ಪ್ರೊಸೆಸರಿನ ಕಥೆಯೇ ತಮಾಷೆ. ಅದನ್ನು ಓಡಿಸುವವರು ಈಗ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದರ ಪಿಂಗಾಣಿ ಮೈಯಲ್ಲಿ ಈಗಿನವಕ್ಕಿಂತ ಎಷ್ಟೋ ಹೆಚ್ಚು ಚಿನ್ನ ಇರುವುದರಿಂದ ಗುಜರಿಯವರಿಗೆ ಅಚ್ಚುಮೆಚ್ಚು.

ನಿಜವಾಗಿ ಮುದಿಯಾಗುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಮದರ್‌ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳ ಹಾಗೆ ನಿಂತಿರುತ್ತವಲ್ಲ, ಅವೇ. ಒಳಗಿರುವ ದ್ರವ ವರ್ಷಗಟ್ಟಲೆ ಬಿಸಿಗೆ ನಿಧಾನವಾಗಿ ಆರುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಂಜಿನಿಯರುಗಳ ಅಂದಾಜು. ಅದರ ನೆತ್ತಿಯ ಮೇಲೆ ಗೀರು ಹಾಕಿರುತ್ತಾರೆ. ಒಳಗೆ ಗ್ಯಾಸ್ ತುಂಬಿದಾಗ ಡಬ್ಬಿ ಸಿಡಿಯದೆ ಆ ಗೀರಿನಲ್ಲಿ ಬಾಯಿ ಬಿಡಲಿ ಅಂತ. ನೆತ್ತಿ ಚಪ್ಪಟೆಯಾಗಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲ, ಉಬ್ಬಿದ್ದರೆ ಅದು ಹೋದ ಹಾಗೆಯೇ. 2000ದ ಆಸುಪಾಸಿನಲ್ಲಿ ಕಳಪೆ ದ್ರವ ತುಂಬಿದ ಕೆಪಾಸಿಟರುಗಳು ಮಾರುಕಟ್ಟೆಗೆ ಬಂದು ಲೆಕ್ಕವಿಲ್ಲದಷ್ಟು ಬೋರ್ಡುಗಳು ಹೀಗೇ ಸತ್ತವು. ಬೆಸುಗೆ ಬಲ್ಲವರು ಅಂಥ ಬೋರ್ಡನ್ನು ಕೆಲವೇ ರೂಪಾಯಿಯ ಬಿಡಿಭಾಗ ಹಾಕಿ ಎಬ್ಬಿಸುತ್ತಾರೆ. ಎಸ್‌ಎಂಪಿಎಸ್ ಅನ್ನುವ, ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಡಬ್ಬ ಬಿಚ್ಚುವಾಗ ಮಾತ್ರ ಹುಷಾರು. 230 ವೋಲ್ಟ್ ಎಸಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯಬಹುದು.

ಹಾರ್ಡ್ ಡಿಸ್ಕ್ ತನ್ನ ವಯಸ್ಸನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಅನ್ನುವ ಆ ದಾಖಲೆಯನ್ನು ಉಚಿತ ಸಾಫ್ಟ್‌ವೇರಿನಲ್ಲಿ ಓದಬಹುದು. ವರ್ಷಕ್ಕೆ 8,760 ಗಂಟೆ. 40,000 ಗಂಟೆ ತೋರಿಸಿದರೆ ಅದು ನಾಲ್ಕೂವರೆ ವರ್ಷಕ್ಕೂ ಜಾಸ್ತಿ ಓಡಿದೆ ಅಂತ ಅರ್ಥ. ಕೆಟ್ಟ ಸೆಕ್ಟರುಗಳ (ಡಿಸ್ಕಿನಲ್ಲಿ ಡೇಟಾ ಇಡುವ ಪುಟ್ಟ ಜಾಗಗಳ) ಬದಲಿಗೆ ಬೇರೆಯವನ್ನು ಬಳಸಿದ ಲೆಕ್ಕ ದಿನೇದಿನೇ ಏರುತ್ತಿದ್ದರೆ ಅದನ್ನು ಕೊಳ್ಳಬೇಡಿ.

ಮಾರುವವರಿಗೂ ಒಂದು ಮಾತು. ಸುಮ್ನೆ ಡಿಲೀಟ್ ಮಾಡಿದರೆ ಹಾರ್ಡ್ ಡಿಸ್ಕಿನಲ್ಲಿ ಫೈಲಿನ ವಿಳಾಸ ಅಳಿಯುತ್ತದೆ, ಫೈಲು ಅಲ್ಲೇ ಇರುತ್ತದೆ. ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆ ಬರೆಸಿ ಕೊಡಿ. ಎಸ್‌ಎಸ್‌ಡಿಗೆ ಇದನ್ನೇ ನಂಬಬೇಡಿ. ಅದು ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಬರೆಯುವ ಡಿಸ್ಕ್, ನಿಮಗೆ ಕಾಣದ ಜಾಗದಲ್ಲೂ ಡೇಟಾ ಇಟ್ಟಿರುತ್ತದೆ. ಅದಕ್ಕೆ ಸೆಕ್ಯೂರ್ ಇರೇಸ್ ಅನ್ನುವ ಆಜ್ಞೆ ಬೇರೆಯೇ ಇದೆ.